ಬೆಂಕಿಯಿಂದ ಹೊತ್ತು ತಂದ ಬಾರ್ ಕೌಂಟರ್

ನಮ್ಮಲ್ಲಿ ಸಲೂನ್ ಅಂದ್ರೆ ಕಟಿಂಗ್ ಶಾಪ್. ಅಮೆರಿಕದ ಪಶ್ಚಿಮದ ಊರುಗಳಲ್ಲಿ ಸಲೂನ್‌ಗೆ ಹೋಗುತ್ತಿದ್ದದ್ದು ವಿಸ್ಕಿಗೆ. ಅಂಥದ್ದೊಂದು ಅರಿಜೋನಾದ ಸಣ್ಣ ಊರು ಪ್ರೆಸ್ಕಾಟ್‌ನಲ್ಲಿದೆ. ಹೆಸರು ಪ್ಯಾಲೇಸ್. 1877ರಿಂದ ಇದೆ ಅಂತ ಅಲ್ಲಿಯವರು ಹೇಳುತ್ತಾರೆ. ಆದರೆ ಕಟ್ಟಡ 1901ರದು. ಹಾಗಾದ್ರೆ ಅದರಲ್ಲಿ ಹಳೆಯದು ಯಾವುದು?

1863ರಲ್ಲಿ ಅಲ್ಲಿ ಸುತ್ತಮುತ್ತ ಚಿನ್ನ ಸಿಕ್ಕಿತು. ಮರುವರ್ಷ ಊರು ಎದ್ದಿತು, ಅರಿಜೋನಾದ ರಾಜಧಾನಿಯೂ ಆಯಿತು. ಗಣಿಯವರು, ಸೈನಿಕರು, ದನ ಕಾಯುವವರು ಸೇರಿದರು. ಕೋರ್ಟ್ ಎದುರಿನ ಮಾಂಟೆಝೂಮಾ ಬೀದಿಯಲ್ಲಿ ಸಾಲಾಗಿ ಸಲೂನ್‌ಗಳು ಬಂದವು. ಆ ಸಾಲಿಗೆ ಜನ ಇಟ್ಟ ಹೆಸರು 'ವಿಸ್ಕಿ ರೋ'. ಬರೀ ಕುಡಿಯೋ ಜಾಗ ಅಲ್ಲ ಅದು. ಕೆಲಸ ಹುಡುಕುವುದು, ಗಣಿ ವ್ಯವಹಾರ, ಜೂಜು, ಚುನಾವಣೆಯ ಮಾತು, ಎಲ್ಲವೂ ಅಲ್ಲೇ.

1900ರ ಜುಲೈ 14ರ ರಾತ್ರಿ ಊರಿಗೆ ಬೆಂಕಿ ಬಿತ್ತು. ಹೆಚ್ಚಿನವು ಮರದ ಕಟ್ಟಡಗಳು, ಮೇಲೆ ನೀರಿನ ಅಭಾವ. ವಿಸ್ಕಿ ರೋ ಬೂದಿಯಾಯಿತು. ಪ್ಯಾಲೇಸ್‌ನ ಗಿರಾಕಿಗಳು ಮಾತ್ರ ಸುಮ್ನೆ ಓಡಲಿಲ್ಲ. ಕೆತ್ತನೆಯ ಭಾರಿ ಮರದ ಬಾರ್ ಕೌಂಟರನ್ನೇ ಎತ್ತಿಕೊಂಡು ರಸ್ತೆ ದಾಟಿ ಕೋರ್ಟ್ ಮೈದಾನದಲ್ಲಿಟ್ಟರು. ಅಲ್ಲೇ ಕುಡಿಯುತ್ತಾ ಬೆಂಕಿ ನೋಡಿದರು ಅನ್ನೋ ಕಥೆಯೂ ಇದೆ. ಉರಿಯೋ ಮನೆಯಲ್ಲಿ ಗಳ ಹಿರಿಯುವುದು ನಮ್ಮಲ್ಲಿ ಬೈಗುಳ. ಇಲ್ಲಿ ಹಿರಿದಿದ್ದಕ್ಕೇ ಒಂದಿಷ್ಟು ಉಳಿಯಿತು, ಅಲ್ವಾ!

ಮರುವರ್ಷ ಇಟ್ಟಿಗೆಯ ಕಟ್ಟಡ ಬಂತು, ಕೌಂಟರ್ ವಾಪಸ್ ಒಳಗೆ ಹೋಯಿತು. ಆದರೆ ಬೆಂಕಿಗಿಂತ ಜಾಸ್ತಿ ಕಾಡಿದ್ದು ಕಾನೂನು. 1907ರಲ್ಲಿ ಅರಿಜೋನಾದಲ್ಲಿ ಜೂಜು ನಿಂತಿತು. 1915ರಲ್ಲಿ ಮದ್ಯವೇ ನಿಂತಿತು. ಆಮೇಲೆ 1920ರಿಂದ ಇಡೀ ದೇಶಕ್ಕೇ ನಿಷೇಧ. ಆ ನಿಷೇಧ ತೆರವಾಗಿದ್ದು 1933ರಲ್ಲಿ. ಸಲೂನ್ ಅನ್ನೋ ಮಾತಿಗೇ ಕೆಟ್ಟ ಹೆಸರು ಬಂದಿದ್ದ ಕಾಲ ಅದು.

ಈಗ ಅಲ್ಲಿ ಪ್ರವಾಸಿಗರದ್ದೇ ಕಾರುಬಾರು, ಊಟವೂ ಸಿಗುತ್ತದೆ. ಬಂದೂಕಿಗೆ ಹೆಸರಾದ ಡಾಕ್ ಹಾಲಿಡೇ ಇಲ್ಲಿ ಕುಡಿದಿದ್ದ ಅಂತ ಖುಷಿಯಿಂದ ಕೂರುತ್ತಾರೆ. ಆತ ಪ್ರೆಸ್ಕಾಟ್‌ನಲ್ಲಿ ಇದ್ದದ್ದು ನಿಜ. ಆದರೆ ತೀರಿಕೊಂಡಿದ್ದು 1887ರಲ್ಲಿ. ಈ ಗೋಡೆಗಳು ಎದ್ದಿದ್ದು ಅದಾಗಿ 14 ವರ್ಷಕ್ಕೆ.