ಎಡಿಟರ್‌ಗೆ ಹೊರಗಿನ ಟೂಲ್ ಜೋಡಿಸುವುದು: ಎಂಸಿಪಿ ಬಂದ ದಾರಿ

ಅಪ್ಪನ ಅಡಿಕೆ ಮಾರಾಟದ ಲೆಕ್ಕ ಒಂದು ಎಸ್‌ಕ್ಯೂಲೈಟ್ ಫೈಲಿನಲ್ಲಿದೆ, ಅಂದರೆ ಒಂದೇ ಫೈಲಿನ ಪುಟ್ಟ ಡೇಟಾಬೇಸ್. ತೀರ್ಥಹಳ್ಳಿಯ ಮನೆಯಲ್ಲಿ ಕೂತು ಅದಕ್ಕೊಂದು ಸಣ್ಣ ಆ್ಯಪ್ ಬರೆಯುತ್ತಿದ್ದೆ. ಯಾವ ಕಾಲಂನಲ್ಲಿ ಏನಿದೆ ಅಂತ ಕೋಡ್ ಎಡಿಟರ್‌ನ ಎಐಗೆ ಪ್ರತಿ ಸಲ ಹೇಳಿ ಹೇಳಿ ಸಾಕಾಗಿತ್ತು. ಎಐಯೇ ಆ ಫೈಲ್ ತೆರೆದು ನೋಡಬಾರದಾ?

ನೋಡಬಹುದು. ಎಐಗೆ ಹೊರಗಿನ ಟೂಲ್, ಮಾಹಿತಿ ಜೋಡಿಸಲು ಎಂಸಿಪಿ ಅನ್ನುವ ಒಂದೇ ರೀತಿಯ ನಿಯಮ ಇದೆ. ಆದರೆ ಆ ದಾರಿ ಆಗಲು ವರ್ಷಗಳೇ ಬೇಕಾದವು.

ಮೊದಲು ಪ್ರತಿ ಎಡಿಟರ್‌ಗೂ ಪ್ರತಿ ಕಂಪ್ಯೂಟರ್ ಭಾಷೆಗೂ ಬೇರೆ ಬೇರೆ ಜೋಡಣೆ ಬರೆಯಬೇಕಿತ್ತು. ಹತ್ತು ಭಾಷೆ, ಐದು ಎಡಿಟರ್ ಅಂದ್ರೆ ಐವತ್ತು ಜೋಡಣೆ. 2016ರಲ್ಲಿ ಮೈಕ್ರೋಸಾಫ್ಟ್ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್, ಅಂದರೆ ಎಡಿಟರ್ ಮತ್ತು ಭಾಷೆಯ ಟೂಲ್ ಮಾತಾಡಲು ಎಲ್ಲರಿಗೂ ಒಂದೇ ನಿಯಮ, ತಂದ ಮೇಲೆ ಆ ತಲೆನೋವು ಕಡಿಮೆಯಾಯಿತು. ಶಿವಮೊಗ್ಗ ಮಂಡಿಯಲ್ಲಿ ಅಡಿಕೆಯ ಬಗೆಗಳಾದ ರಾಶಿ, ಬೆಟ್ಟೆ, ಗೊರಬಲು, ಸರಕು ಅಂದರೆ ಸಾಗರದವರಿಗೂ ಗೊತ್ತು, ತೀರ್ಥಹಳ್ಳಿಯವರಿಗೂ ಗೊತ್ತು. ಹೆಸರು ಒಂದೇ ಆದರೆ ಅರ್ಧ ವ್ಯವಹಾರ ಮುಗಿದ ಹಾಗೆ ಅಲ್ವಾ?

2023ರಲ್ಲಿ ಚಾಟ್‌ಜಿಪಿಟಿಯ ಕಂಪನಿ ಓಪನ್‌ಎಐ ಫಂಕ್ಷನ್ ಕಾಲಿಂಗ್ ತಂದಿತು. ಯಾವ ಟೂಲ್ ಕರೆಯಬೇಕು ಅಂತ ಎಐ ಮಾಡೆಲ್ಲೇ ಹೇಳತೊಡಗಿತು. ಆದರೂ ಜೋಡಣೆ ಮಾತ್ರ ಒಬ್ಬೊಬ್ಬರದು ಒಂದೊಂದು ರೀತಿ. 2024ರ ನವೆಂಬರ್‌ನಲ್ಲಿ ಕ್ಲಾಡ್ ಎಐ ಮಾಡುವ ಆಂಥ್ರೋಪಿಕ್ ಕಂಪನಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್, ಅಂದರೆ ಎಂಸಿಪಿಯನ್ನು ಎಲ್ಲರಿಗೂ ತೆರೆದಿಟ್ಟಿತು. ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್‌ನಿಂದಲೇ ಪ್ರೇರಣೆ ಪಡೆದದ್ದು ಅದು. 2025ರ ಮಾರ್ಚ್‌ನಲ್ಲಿ ಓಪನ್‌ಎಐ ಕೂಡ ಒಪ್ಪಿಕೊಂಡಿತು.

ಜೋಡಿಸುವ ವಿಧಾನ ಸುಲಭ. ಎಡಿಟರ್‌ಗೆ ಟೂಲ್ ಒದಗಿಸುವ ಸಣ್ಣ ಪ್ರೋಗ್ರಾಂಗೆ ಸರ್ವರ್ ಅನ್ನುತ್ತಾರೆ. ಒಂದು ಜೇಸನ್ ಫೈಲಿನಲ್ಲಿ (ಹೆಸರು-ಮೌಲ್ಯ ಜೋಡಿಗಳಾಗಿ ಬರೆಯುವ ಪಠ್ಯ ಫೈಲು) ಸರ್ವರ್ ಶುರುಮಾಡುವ ಕಮಾಂಡ್ ಬರೆಯಬೇಕು. ಕರ್ಸರ್ ಅನ್ನುವ ಎಡಿಟರ್‌ನಲ್ಲಿ ಅದರ ಮೊದಲ ಕೀ (ಹೆಸರು) 'ಎಂಸಿಪಿ ಸರ್ವರ್ಸ್', ವಿಎಸ್ ಕೋಡ್ ಎಡಿಟರ್‌ನಲ್ಲಿ ಬರೀ 'ಸರ್ವರ್ಸ್'. ಒಂದರದ್ದನ್ನು ಇನ್ನೊಂದಕ್ಕೆ ಹಾಗೇ ಅಂಟಿಸಿದರೆ ನಡೆಯಲ್ಲ.

ನಾನು ಸಿಕ್ಕಿಬಿದ್ದದ್ದು ಬೇರೆ ಕಡೆ. ಸರ್ವರ್ ಶುರುವಾಗುತ್ತಿತ್ತು, ಎಡಿಟರ್ ಮಾತ್ರ ಎರರ್ ಕೊಡುತ್ತಿತ್ತು. ಒಂದು ಸಂಜೆ ಪೂರ್ತಿ ಹೋಯಿತು. ಕೊನೆಗೆ ನೋಡಿದರೆ ಪೈಥಾನ್ ಕೋಡಿನಲ್ಲಿ ನಾನೇ ಬರೆದ ಒಂದು ಪ್ರಿಂಟ್ ಸಾಲು, ಅಂದರೆ ಪರದೆ ಮೇಲೆ ಸಂದೇಶ ತೋರಿಸಲು ಹಾಕಿದ ಸಾಲು! ನಮ್ಮದೇ ಕಂಪ್ಯೂಟರಿನಲ್ಲಿ ಓಡುವ ಸರ್ವರ್ ಸಾಮಾನ್ಯವಾಗಿ ಸ್ಟ್ಯಾಂಡರ್ಡ್ ಔಟ್‌ಪುಟ್ (ಪ್ರಿಂಟ್ ಮಾಡಿದ್ದು ಹೋಗುವ ದಾರಿ) ಮೂಲಕವೇ ಎಡಿಟರ್ ಜೊತೆ ಮಾತಾಡುತ್ತದೆ. ಆ ದಾರಿಯಲ್ಲಿ ಜೇಸನ್-ಆರ್‌ಪಿಸಿ ಅನ್ನುವ ನಿಗದಿತ ರೂಪದ ಸಂದೇಶ ಬಿಟ್ಟು ಬೇರೆ ಒಂದಕ್ಷರವೂ ಹೋಗಬಾರದು. 'ಡೇಟಾಬೇಸ್ ಸಿಕ್ಕಿತು' ಅಂತ ಖುಷಿಗೆ ಬರೆದ ಸಾಲೇ ಎಲ್ಲ ಕೆಡಿಸಿತ್ತು. ಅದನ್ನು ಸ್ಟ್ಯಾಂಡರ್ಡ್ ಎರರ್ ಅನ್ನುವ ಬೇರೆ ದಾರಿಗೆ ತಿರುಗಿಸಿದೆ, ಸರಿಹೋಯಿತು.

ಇನ್ನೊಂದು ವಿಷಯ ನನಗೆ ಜಾಸ್ತಿ ಮುಖ್ಯ. ಹೀಗೆ ಓಡುವ ಸರ್ವರ್‌ಗೆ ಸಾಮಾನ್ಯವಾಗಿ ನಮ್ಮ ಲಾಗಿನ್‌ಗೆ ಇರುವಷ್ಟೇ ಅಧಿಕಾರ ಇರುತ್ತದೆ. ಯಾರೋ ಬರೆದದ್ದನ್ನು ಸುಮ್ನೆ ತಂದು ಜೋಡಿಸಿದರೆ ಮನೆ ಕೀಲಿ ಕೊಟ್ಟ ಹಾಗೆ. ನನ್ನ ಸರ್ವರ್ ಅಪ್ಪನ ಲೆಕ್ಕವನ್ನು ಓದಲು ಮಾತ್ರ ತೆರೆಯುತ್ತದೆ. ಟೂಲ್ ಕರೆಯುವ ಮೊದಲು ಎಡಿಟರ್ ನನ್ನ ಒಪ್ಪಿಗೆ ಕೇಳುತ್ತದೆ, ಅದನ್ನು ಹಾಗೇ ಇಟ್ಟುಕೊಂಡಿದ್ದೇನೆ.