ಬೇಸಿಗೆಯಲ್ಲಿ ಟ್ರೇಲರ್ ಟೈರಿಗೆ ಗಾಳಿ ಎಷ್ಟು ಕಡಿಮೆ ಮಾಡಬೇಕು?

ಪ್ರಶ್ನೆ: ನಮ್ಮದು ಟ್ರ್ಯಾಕ್ಟರ್ ಎಳೆಯುವ 5,000 ಲೀಟರಿನ ನೀರಿನ ಟ್ಯಾಂಕರ್. ಬೆಂಗಳೂರಿನ ವರ್ತೂರು ಕಡೆ ದಿನಕ್ಕೆ ಏಳೆಂಟು ಲೋಡ್ ಹೊಡೆಯುತ್ತೇವೆ. ಬಿಸಿಲಿಗೆ ಟೈರ್ ಸಿಡಿಯದಿರಲು ಹತ್ತು ಹದಿನೈದು ಪಾಯಿಂಟ್ (ಪಿಎಸ್‌ಐ) ಗಾಳಿ ಕಡಿಮೆ ಇಡಬೇಕು ಎನ್ನುತ್ತಾರೆ. ಸರಿಯಾಗಿ ಎಷ್ಟು ಕಡಿಮೆ ಮಾಡಬೇಕು?

ಉತ್ತರ: ಒಂದು ಪಾಯಿಂಟ್ ಕೂಡ ಕಡಿಮೆ ಮಾಡಬಾರದು. ಮಾರ್ಚ್ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ನಾನು ಪ್ರತಿ ವರ್ಷವೂ ಇದೇ ಉತ್ತರ ಕೊಡುತ್ತೇನೆ, ಮರುವರ್ಷ ಮತ್ತೆ ಅದೇ ಪ್ರಶ್ನೆ ಕೈಸೇರುತ್ತದೆ. ಆದ್ದರಿಂದ ಈ ಸಲ ಲೆಕ್ಕವನ್ನೇ ಬಿಡಿಸಿ ತೋರಿಸುತ್ತೇನೆ, ದಯವಿಟ್ಟು ಕೊನೆಯವರೆಗೂ ಓದಿ.

ಬಿಸಿಲಿಗೆ ಗಾಳಿ ಹಿಗ್ಗುತ್ತದೆ ಎಂಬುದು ನಿಜ. ಎಷ್ಟು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಬೆಳಗಿನ ಜಾವ 22 ಡಿಗ್ರಿ ಇರುವಾಗ ನಿಮ್ಮ ಟೈರಿನಲ್ಲಿ 80 ಪಾಯಿಂಟ್ ಗಾಳಿ ಇತ್ತೆಂದು ಇಟ್ಟುಕೊಳ್ಳೋಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ವಾತಾವರಣದ ಒತ್ತಡ ಸುಮಾರು 13 ಪಾಯಿಂಟ್; ಅದನ್ನೂ ಸೇರಿಸಿದರೆ ಒಟ್ಟು 93. ಈ ನಗರ 2016ರ ಏಪ್ರಿಲ್‌ನಲ್ಲಿ ಕಂಡ 39.2 ಡಿಗ್ರಿಯ ಬಿಸಿಲನ್ನೇ ಲೆಕ್ಕಕ್ಕೆ ಹಿಡಿದರೂ ಏರಿಕೆ 17 ಡಿಗ್ರಿ. ಗಾಳಿಯ ಲೆಕ್ಕದಲ್ಲಿ ಶಾಖವನ್ನು ಸೊನ್ನೆಗಿಂತ 273 ಡಿಗ್ರಿ ಕೆಳಗಿನಿಂದ ಎಣಿಸಬೇಕು, ಆಗ 22 ಎಂದರೆ 295; 295ಕ್ಕೆ 17 ಏರಿದರೆ 93ಕ್ಕೆ ಒತ್ತಡ ಹೆಚ್ಚುವುದು ಐದೂವರೆ ಪಾಯಿಂಟಿನೊಳಗೆ. ಓಡುವಾಗ ಇನ್ನಷ್ಟು ಏರುತ್ತದೆ, ಆದರೆ ಕಂಪನಿಯವರು ಸೂಚಿಸುವ ಒತ್ತಡವು ತಣ್ಣಗಿರುವ ಟೈರಿನದು. ಓಟದಲ್ಲಿ ಏರುವ ಒತ್ತಡವನ್ನು ತಾಳುವಂತೆಯೇ ಟೈರನ್ನು ಕಟ್ಟಿರುತ್ತಾರೆ.

ಈಗ ಗಾಳಿ ಇಳಿಸಿದರೆ ಏನಾಗುತ್ತದೆ ನೋಡಿ. ಸೆಂಟ್ರಿಂಗ್ ಕೆಲಸದವರು ಕಂಬಿ ಕಟ್ಟುವ ತಂತಿಯನ್ನು ಕೈಯಲ್ಲಿ ಹಿಡಿದು ಹತ್ತು ಸಲ ಹಿಂದಕ್ಕೂ ಮುಂದಕ್ಕೂ ಬಗ್ಗಿಸಿದರೆ ಬಗ್ಗಿದ ಜಾಗ ಬೆರಳಿಗೆ ಬಿಸಿ ತಾಕುತ್ತದೆ. ಟೈರಿನ ಪಕ್ಕದ ಗೋಡೆಗೆ ಆಗುವುದೂ ಅದೇ. ಗಾಳಿ ಕಡಿಮೆಯಾದಷ್ಟೂ ಆ ಗೋಡೆ ನೆಲದ ಬಳಿ ಹೆಚ್ಚು ಮಡಚಿಕೊಳ್ಳುತ್ತದೆ. ನಿಮ್ಮ ಟ್ರೇಲರಿನಂಥ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 350 ಸುತ್ತು ತಿರುಗುವುದರಿಂದ ಅಷ್ಟೂ ಸಲ ಮಡಚಿ ಬಿಚ್ಚಿಕೊಳ್ಳುತ್ತದೆ. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ಟ್ಯಾಂಕಿನ ತೂಕ ಬಿಟ್ಟು ನೀರೇ ಐದು ಟನ್. ಅಷ್ಟು ಭಾರದ ಕೆಳಗೆ ಹುಟ್ಟುವ ಶಾಖ ರಬ್ಬರನ್ನೂ ಒಳಗಿನ ದಾರವನ್ನೂ ಬೇರೆ ಮಾಡುತ್ತದೆ, ಟೈರ್ ಸಿಡಿಯುವುದು ಆಗ. ಸಿಡಿಯಬಾರದೆಂದು ಮಾಡಿದ ಕೆಲಸವೇ ಅದನ್ನು ಸಿಡಿಸುತ್ತದೆ.

ನನ್ನ ಮಾತು ನಂಬಿಕೆಯಾಗದಿದ್ದರೆ, ಗಾಳಿ ಕಡಿಮೆಯಿಟ್ಟು ಬಹಳ ದಿನ ಓಡಿಸಿದ ಟೈರನ್ನು ಪಂಕ್ಚರ್ ಅಂಗಡಿಯಲ್ಲಿ ಡಿಸ್ಕಿನಿಂದ (ಟೈರ್ ಕೂರುವ ಕಬ್ಬಿಣದ ಚಕ್ರದಿಂದ) ಬಿಡಿಸುವಾಗ ಹತ್ತಿರ ನಿಂತು ನೋಡಿ. ನೆಲಕ್ಕೆ ತಾಗುವ ಮೇಲಿನ ಬಟನ್ ಚೆನ್ನಾಗಿಯೇ ಇರುತ್ತದೆ. ಒಳಗೆ ಮಾತ್ರ ಕಾಡಿಗೆಯಂಥ ಕಪ್ಪು ರಬ್ಬರ್ ಪುಡಿ ಉದುರಿರುತ್ತದೆ, ಪಕ್ಕದ ಗೋಡೆಯ ಒಳಮೈಯಲ್ಲಿ ಸುತ್ತಲೂ ಸವೆದ ಪಟ್ಟಿ ಕಾಣುತ್ತದೆ. ಬಿಸಿಲು ಆ ಪುಡಿಯನ್ನು ಮಾಡಲಾರದು. ಅಂಥ ಟೈರಿಗೆ ಮತ್ತೆ ಗಾಳಿ ತುಂಬಿಸಿ ಓಡಿಸಲೇಬೇಡಿ.

ಮಧ್ಯಾಹ್ನ ಲೋಡ್ ಇಳಿಸಿ ಬಂದು ಗೇಜ್ ಹಾಕಿ, 90 ತೋರಿಸಿತೆಂದು ಗಾಳಿ ಬಿಡುವವರೂ ಇದ್ದಾರೆ. ಅದೂ ಇದೇ ತಪ್ಪಿನ ಇನ್ನೊಂದು ರೂಪ. ಬೆಳಿಗ್ಗೆ ಮೊದಲ ಲೋಡಿಗೆ ಮುನ್ನ, ಗಾಡಿ ಮೂರು ಗಂಟೆಯಾದರೂ ನಿಂತಿದ್ದಾಗ ಅಳತೆ ನೋಡಿ. ಟ್ರ್ಯಾಕ್ಟರಿನ ಮುಂದಿನ ಚಕ್ರದಲ್ಲಿ ಗಾಳಿ ಇಳಿದರೆ ಸ್ಟೀರಿಂಗ್ ಎಳೆದು ತಿಳಿಸುತ್ತದೆ, ಆದರೆ ಹಿಂದೆ ಬರುವ ಟ್ರೇಲರಿನ ಸುದ್ದಿ ಡ್ರೈವರಿಗೆ ಬೇಗ ತಲುಪುವುದಿಲ್ಲ. ಆದ್ದರಿಂದ ಗೇಜ್ ಬೇಕೇ ಬೇಕು. ಕಾಲಿನಿಂದ ಒದ್ದು ನೋಡುವುದು ಪರೀಕ್ಷೆಯಲ್ಲ, 60ಕ್ಕೂ 80ಕ್ಕೂ ಇರುವ ವ್ಯತ್ಯಾಸ ಯಾವ ಕಾಲಿಗೂ ಗೊತ್ತಾಗದು.

ನೀವು ಕೇಳಲಿಲ್ಲ, ಆದರೂ ನಟ್ಟಿನ ವಿಷಯ ಹೇಳದೆ ಮುಗಿಸಲು ನನಗೆ ಮನಸ್ಸು ಬರುವುದಿಲ್ಲ, ಏಕೆಂದರೆ ಸಿಡಿದ ಟೈರಿಗಿಂತ ಕಳಚಿ ಉರುಳಿದ ಚಕ್ರ ಎದುರಿನ ಬೈಕ್ ಸವಾರನಿಗೆ ಹೆಚ್ಚು ಅಪಾಯ. ಪಂಕ್ಚರ್ ಹಾಕಿಸಿ ಚಕ್ರ ಕೂಡಿಸಿದ ಮೇಲೆ ಡಿಸ್ಕ್ ಹಬ್ಬಿನ ಮೇಲೆ ಸ್ವಲ್ಪ ಕೂತುಕೊಳ್ಳುತ್ತದೆ, ನಟ್ಟು ಸಡಿಲವಾಗುತ್ತದೆ. ಆದ್ದರಿಂದ 50 ಕಿಲೋಮೀಟರ್ ಓಡಿದ ಮೇಲೆ, ನಿಮ್ಮ ಕೆಲಸದಲ್ಲಾದರೆ ಅದೇ ಸಂಜೆ, ಮತ್ತೊಮ್ಮೆ ಬಿಗಿ ಮಾಡಬೇಕು. ಒಂದರ ಪಕ್ಕ ಒಂದಾಗಿ ಅಲ್ಲ, ಎದುರು ಬದುರಿನ ನಟ್ಟುಗಳನ್ನು ಜೋಡಿಯಾಗಿ ಬಿಗಿಯುತ್ತಾ ಹೋಗಿ. ಸ್ಪ್ಯಾನರಿಗೆ ಉದ್ದದ ಪೈಪ್ ತೂರಿಸಿ ಅದರ ಮೇಲೆ ನಿಂತು ಕುಣಿದರೆ ಬೋಲ್ಟೇ ಎಳೆದುಕೊಂಡು ದುರ್ಬಲವಾಗುತ್ತದೆ. ನಟ್ಟಿನ ಬುಡದಿಂದ ಡಿಸ್ಕಿನ ಮೇಲೆ ಕೆಂಪು ತುಕ್ಕಿನ ಗೆರೆಗಳು ಹೊರಮುಖವಾಗಿ ಇಳಿದಿದ್ದರೆ ಆ ನಟ್ಟು ಒಳಗೊಳಗೇ ಅಲುಗಾಡುತ್ತಿರಬಹುದು. ಗಾಡಿಯನ್ನು ಅಲ್ಲಿಯೇ ನಿಲ್ಲಿಸಿ, ಟ್ಯಾಂಕಿನ ನೀರು ಇಳಿಸಿ, ಚಕ್ರ ಬಿಚ್ಚಿ ಡಿಸ್ಕಿನ ಬೋಲ್ಟ್ ತೂತು ಅಂಡಾಕಾರವಾಗಿದೆಯೇ ಎಂದು ನೋಡಿ. ಹಾಗಿದ್ದರೆ ಡಿಸ್ಕ್ ಬದಲಾಯಿಸಬೇಕು, ವೆಲ್ಡಿಂಗ್ ಮಾಡಿಸಬಾರದು.