ಕಾರ್ಡು ವಾಪಸು ಕಳಿಸದವರು

1936ರ ಅಮೆರಿಕ ಅಧ್ಯಕ್ಷೀಯ ಚುನಾವಣೆಗೆ ಮುನ್ನ 'ಲಿಟರರಿ ಡೈಜೆಸ್ಟ್' ವಾರಪತ್ರಿಕೆ ಸುಮಾರು 1 ಕೋಟಿ ಮಂದಿಗೆ ಅಣಕು ಮತಪತ್ರಗಳನ್ನು ಅಂಚೆಯಲ್ಲಿ ಕಳಿಸಿತು. 23 ಲಕ್ಷದಷ್ಟು ವಾಪಸು ಬಂದವು. ಎಣಿಸಿ ನೋಡಿದರೆ ರಿಪಬ್ಲಿಕನ್ ಅಭ್ಯರ್ಥಿ ಆಲ್ಫ್ ಲ್ಯಾಂಡನ್‌ಗೆ ಶೇ. 57! ಹಿಂದಿನ ಐದು ಚುನಾವಣೆಗಳಲ್ಲಿ ಗೆಲ್ಲುವವರು ಯಾರೆಂದು ಪತ್ರಿಕೆ ಸರಿಯಾಗಿಯೇ ಹೇಳಿತ್ತು. ಇನ್ನು 23 ಲಕ್ಷದ ಎದುರು ವಾದ ಹೂಡುವವರು ಯಾರು?

ಆದರೆ ಎದುರಾಳಿ ಫ್ರಾಂಕ್ಲಿನ್ ರೂಸ್‌ವೆಲ್ಟ್ 48 ರಾಜ್ಯಗಳ ಪೈಕಿ 46ನ್ನು ಗೆದ್ದರು. 50 ಸಾವಿರದಷ್ಟು ಮಂದಿಯನ್ನಷ್ಟೇ ಕೇಳಿದ್ದ ಸಮೀಕ್ಷಕ ಜಾರ್ಜ್ ಗ್ಯಾಲಪ್ ಅವರ ಊಹೆ ನಿಜವಾಯಿತು. ಎರಡು ವರ್ಷದಲ್ಲಿ ಡೈಜೆಸ್ಟ್ ನಿಂತೇಹೋಯಿತು.

ಪಠ್ಯಪುಸ್ತಕಗಳು ಕೊಡುವ ಕಾರಣ ಸರಳ: ವಿಳಾಸಗಳನ್ನು ಹೆಕ್ಕಿದ್ದು ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿ ಪಟ್ಟಿಗಳಿಂದ. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಇವೆರಡೂ ಇದ್ದದ್ದು ಉಳ್ಳವರ ಬಳಿ. ಇದು ಅರ್ಧ ಸತ್ಯ ಮಾತ್ರ. 1937ರ ಗ್ಯಾಲಪ್ ಸಮೀಕ್ಷೆಯೊಂದನ್ನು ರಾಜ್ಯಶಾಸ್ತ್ರಜ್ಞ ಪೆವರಿಲ್ ಸ್ಕ್ವೈರ್ 1988ರಲ್ಲಿ ಮತ್ತೆ ಕೆದಕಿದಾಗ, ಮತಪತ್ರ ತಲುಪಿದವರಲ್ಲೂ ರೂಸ್‌ವೆಲ್ಟ್ ಪರ ಇದ್ದವರೇ ಹೆಚ್ಚು ಎಂದು ಕಂಡಿತು. ಎಲ್ಲರೂ ಉತ್ತರಿಸಿದ್ದರೆ ಡೈಜೆಸ್ಟ್ ಮರ್ಯಾದೆ ಉಳಿಯುತ್ತಿತ್ತು. ತುಂಬಿ ವಾಪಸು ಕಳಿಸುವಷ್ಟು ಉತ್ಸಾಹ ಇದ್ದದ್ದು ಲ್ಯಾಂಡನ್ ಬೆಂಬಲಿಗರಿಗೆ. ನನಗೆ ಇದೇ ಹೆಚ್ಚು ಕಾಡುವ ಭಾಗ. ಪಟ್ಟಿಯ ಓರೆಕೋರೆಯನ್ನು ಮೊದಲೇ ಗಮನಿಸಬಹುದು, ಸುಮ್ಮನಿದ್ದವರ ಮನಸ್ಸನ್ನು ಎಲ್ಲಿ ಹುಡುಕುವುದು?

1948ರ ಅಧ್ಯಕ್ಷೀಯ ಚುನಾವಣೆಯಲ್ಲಿ ಎಡವುವ ಸರದಿ ಗ್ಯಾಲಪ್‌ರದು. ವಯಸ್ಸು, ಲಿಂಗ, ಆದಾಯಕ್ಕೆ ತಕ್ಕಂತೆ ಇಂತಿಷ್ಟು ಮಂದಿ ಎಂಬ 'ಕೋಟಾ' ಹಾಕಿಕೊಟ್ಟರೂ ಅದರೊಳಗೆ ಯಾರನ್ನು ಮಾತಾಡಿಸಬೇಕೆಂಬ ಆಯ್ಕೆ ಸಂದರ್ಶಕರದೇ ಆಗಿತ್ತು. ಸಮೀಕ್ಷೆಗಳನ್ನು ಬೇಗನೆ ನಿಲ್ಲಿಸಿದ್ದೂ ಕೈಕೊಟ್ಟಿತು. ಸೋಲುತ್ತಾರೆ ಎಂದಿದ್ದ ಅಧ್ಯಕ್ಷ ಹ್ಯಾರಿ ಟ್ರೂಮನ್ ಗೆದ್ದರು. ಆಮೇಲೆ ಚೀಟಿ ಎತ್ತಿದಂತೆ ಮಂದಿಯನ್ನು ಆಯುವ ಯಾದೃಚ್ಛಿಕ ಆಯ್ಕೆಗೆ ಬೆಲೆ ಬಂತು.

ತಾವಾಗಿಯೇ ಮುಂದೆ ಬಂದವರ ದನಿ ಎಷ್ಟು ದಾರಿ ತಪ್ಪಿಸಬಹುದು ಎನ್ನುವುದಕ್ಕೆ 1970ರ ದಶಕದ ಒಂದು ಪ್ರಸಂಗವಿದೆ. 'ಮತ್ತೊಮ್ಮೆ ಅವಕಾಶ ಸಿಕ್ಕರೆ ಮಕ್ಕಳನ್ನು ಹೆರುತ್ತೀರಾ?' ಎಂದು ಅಂಕಣಕಾರ್ತಿ ಆ್ಯನ್ ಲ್ಯಾಂಡರ್ಸ್ ಕೇಳಿದರು. ಬಂದ ಸುಮಾರು 10 ಸಾವಿರ ಪತ್ರಗಳಲ್ಲಿ ಶೇ. 70ರಷ್ಟು 'ಇಲ್ಲ' ಎಂದವು. 'ನ್ಯೂಸ್‌ಡೇ' ಪತ್ರಿಕೆ ಯಾದೃಚ್ಛಿಕವಾಗಿ ಆಯ್ದವರನ್ನು ಕೇಳಿದಾಗ ಶೇ. 90ಕ್ಕೂ ಹೆಚ್ಚು ಮಂದಿ 'ಹೌದು' ಎಂದರು. ಮಕ್ಕಳೊಂದಿಗೆ ನೆಮ್ಮದಿಯಾಗಿರುವವರು ಕೂತು ಪತ್ರ ಬರೆಯುವುದು ಅಪರೂಪ. ಆ 10 ಸಾವಿರ ಪತ್ರಗಳನ್ನು ಹಿಡಿದು 'ತಂದೆತಾಯಂದಿರು ಪಶ್ಚಾತ್ತಾಪ ಪಡುತ್ತಿದ್ದಾರೆ' ಎಂದು ವಾದಿಸಿದರೆ, ಅದು ಬರೆದವರ ಬಗ್ಗೆ ಮಾತ್ರ ನಿಜ. ಪತ್ರಗಳು ಲಕ್ಷವಾದರೂ ಅಷ್ಟೇ. ಸಮೀಕ್ಷಾ ವರದಿಗಳ ಅಡಿಯಲ್ಲಿ ಕಾಣುವ 'ಶೇ. 3 ಹೆಚ್ಚುಕಡಿಮೆ' ಎಂಬ ಸಾಲು ಕೂಡ ಈ ಓರೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಆಕಸ್ಮಿಕ ಏರುಪೇರಿಗಷ್ಟೇ ಸಂಬಂಧಿಸಿದ್ದು.

ಈಗ ಫೋನ್ ಎತ್ತುವವರೇ ಕಡಿಮೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದ ಫೋನ್ ಸಮೀಕ್ಷೆಗಳಿಗೆ 1997ರಲ್ಲಿ ಶೇ. 36 ಮಂದಿ ಸ್ಪಂದಿಸುತ್ತಿದ್ದರು, 2018ರಲ್ಲಿ ಶೇ. 6. ಉಳಿದ ಶೇ. 94 ಮಂದಿಯ ಕೊರತೆಯನ್ನು ವಯಸ್ಸು, ಶಿಕ್ಷಣದ ಅನುಪಾತ ಸರಿಹೊಂದಿಸಿ ತುಂಬುತ್ತಾರೆ. ಒಂದೇ ವಯಸ್ಸು, ಒಂದೇ ಡಿಗ್ರಿ ಇದ್ದರೂ ಫೋನ್ ಎತ್ತಿದವರು ಮತ್ತು ಎತ್ತದವರು ಬೇರೆಬೇರೆಯಾಗಿ ಯೋಚಿಸುತ್ತಿದ್ದರೆ ಆ ಲೆಕ್ಕ ಅಲ್ಲೇ ಕೈಚೆಲ್ಲುತ್ತದೆ.